ಆಯಿಯ ಮೊಣಕಾಲು, ವರ್ಷಾನ ಹೆಗಲು

ಹಾಸ್ಟೆಲ್, ಹುಮನಾಬಾದ
ಭಾನುವಾರ, ೧೨ ಅಕ್ಟೋಬರ್ ೨೦೨೫

ನನ್ನ ಆಯಿಗೆ ನಿನ್ನ ಮೊಮ್ಮಗಳ ಜೈಭೀಮ್.

ಹ್ಯಾಂಗ ಇದ್ದಿ? ಮೊಣಕಾಲಿನ ಬಾವು ಇಳೀತೇನು? ಮುಂಜಾನೆ ಏಳುವಾಗ ಇನ್ನೂ ಕಟಕಟ ಅಂತದೇನು? ನಾನು ಆರಾಮ ಇದ್ದೀನಿ, ಇಂಟರ್ನಲ್ಸ್ ಹೆದರಿಕಿ ಒಂದು ಬಿಟ್ಟರ. ಈ ಕಾಗದ ನಿನಗ ಓದಿ ಹೇಳಾಕಿ ವರ್ಷಾನೇ ಅಂತ ಗೊತ್ತದ. ಓದಲಿ. ಅತ್ತಿ ಮಗಳು, ಧ್ವನಿನೂ ಛಲೋ ಅದ. ಒಂದಕ್ಷರ ಬಿಡಬಾರದು ಅಂತ ಮಾತ್ರ ಹೇಳು.

ಹೋದ ವಾರ ಆಕಿಯ ಸ್ಟೇಟಸ್‌ನಾಗ ಫೋಟೋ ನೋಡಿದೆ. ಅತ್ತಿಯ ಊರು ಮಂಠಾಳದ ಬುದ್ಧ ವಿಹಾರದಾಗ ವಂದನಾ ಮುಗಿಸಿ ನೀ ಏಳಾಕತ್ತಿದ್ದಿ. ಬಿಳಿ ಸೀರಿ, ಕೈ ಆಕಿಯ ಹೆಗಲ ಮ್ಯಾಲ. ಕಲ್ಯಾಣದ ನಮ್ಮ ಮನಿಯಾಗ ಇದ್ದಾಗ ಆ ಕೈ ನನ್ನ ಹೆಗಲ ಮ್ಯಾಲ ಇರ್ತಿತ್ತು. 'ನನ್ನ ಊರುಗೋಲು' ಅಂತ ನನಗ ಕರೀತಿದ್ದಿ. ಈಗ ಫೋನ್ ಮಾಡಿದರ 'ವರ್ಷಾನ ಕೈಯಾಗ ಗುಣ ಅದ, ಎಣ್ಣಿ ತಿಕ್ಕಿದಳಂದ್ರ ನೋವೇ ಗೊತ್ತಾಗೂದಿಲ್ಲ' ಅಂತಿ.

ಆಯಿ, ಎಣ್ಣಿ ನೋವಿನ ಮೂಲದತನಕ ಮುಟ್ಟೂದಿಲ್ಲ. ಹೊಟ್ಟಿಕಿಚ್ಚಿಗೆ ಹೇಳಾಕತ್ತಿಲ್ಲ, ನರ್ಸಿಂಗ್ ಫಸ್ಟ್ ಇಯರ್ ಪಾಠದಾಗೇ ಅದ. ಸರಿ, ಹೊಟ್ಟಿಕಿಚ್ಚೂ ಅದ. ಎಲುಬಿನ ತುದಿಗೆ ಕಾರ್ಟಿಲೇಜ್ ಅಂತ ನುಣ್ಣನ ಪದರು ಇರ್ತದ. ಅದರೊಳಗಿನ ಸೆಲ್‌ಗಳೇ ಅದನ್ನ ಕಾಯಬೇಕು. ಭಾರ ಬಿದ್ದು ಬಿದ್ದು ಕೆರಳಿದವಂದ್ರ, ಬಾಜೂದವರ ಕಿವಿಗೆ ಚಾಡಿ ಹೇಳ್ದಂಗ ಕೆಮಿಕಲ್ ಬಿಡ್ತಾವ. ಆಮ್ಯಾಲ ಎಂಜೈಮ್ ಬಿಟ್ಟು, ತಾವು ನೇಯ್ದ ಕೊಲಾಜೆನ್ ನೂಲು ತಾವೇ ಕತ್ತರಸ್ತಾವ. ಕೌದಿ ಹೊಲಿದಾಕಿನೇ ಕೌದಿ ಹರದಂಗ! ಆ ನೂಲಿನ ಚೂರುಗಳು ಬಾವು ಎಬ್ಬಿಸ್ತಾವ, ಬಾವು ಮತ್ತ ಎಂಜೈಮ್ ತರ್ತದ. ಮ್ಯಾಡಮ್ ಇದನ್ನ ಇಂಗ್ಲಿಷಿನಾಗ ಹೇಳುವಾಗ ಬೋರ್ಡಿನ ಮ್ಯಾಲ ನನಗ ನಿನ್ನ ಬಲಗಾಲೇ ಕಾಣ್ತಿತ್ತು. ಇದೆಲ್ಲ ವರ್ಷಾಗ ಬರ್ತದೇನು ಕೇಳು. ಓದಾಕತ್ತೀ ಅಲಾ ವರ್ಷಾ? ಎಂಜೈಮ್. ನಿಧಾನಕ ಓದು.

ಆಯಿ, ಇಂಟರ್ನಲ್ಸ್ ಮುಗಿದ ಕೂಡ್ಲೇ ನಾ ಕಲ್ಯಾಣಕ್ಕ ಬರ್ತೀನಿ, ನೀನೂ ಬಾ. ಮಗಳ ಮನಿಯಾಗ ಎಷ್ಟು ದಿನ? ಮ್ಯಾಲಿನ ನಿನ್ನ ಖೋಲಿ ಹಂಗೇ ಅದ, ಕಿಟಕಿಯಿಂದ ಹಳೇ ಕ್ವಾಟಿಯ ಕಲ್ಲಿನ ಗ್ವಾಡಿ ಹಂಗೇ ಕಾಣ್ತದ. ನಿನ್ನ ಕಾಲು ನಾ ನೋಡ್ಕೋತೀನಿ.

ಅತ್ತಿಗೂ ಮಾಮಾಗೂ ಜೈಭೀಮ್ ಹೇಳು. ನಿನ್ನ ಕೈ ನನ್ನ ತಲಿ ಮ್ಯಾಲ ಇರಲಿ, ಹೆಗಲ ಮ್ಯಾಲ ಇಲ್ಲದಿದ್ದರೂ.

ನಿನ್ನ ಮೊದಲನೇ ಊರುಗೋಲು,
ಆಮ್ರಪಾಲಿ

ತಾ.ಕ.: ವರ್ಷಾ, ಇದು ನಿನಗ, ಜೋರಾಗಿ ಓದಬ್ಯಾಡ. ಮ್ಯಾಲಿಂದೆಲ್ಲ ಬರದ ಮ್ಯಾಲ ಹೊಳೀತು. ನಮ್ಮ ಮನಿ ಮೆಟ್ಟಲು ನೀ ನೋಡೀದಿ, ಬಚ್ಚಲಿಗೂ ಇಳೀಬೇಕು. ಆ ಭಾರ ಆಯಿ ಕಾಲು ತಾಳೂದಿಲ್ಲ. ನಿಮ್ಮನಿ ಸಪಾಟ ಅದ. ಬರ್ತೀನಂತ ಹಟ ಹಿಡಿದರೂ ಕಳಸಬ್ಯಾಡ. ಆದರ ನಾ 'ಬಾ' ಅಂತ ಬರದದ್ದು ಮಾತ್ರ ಎರಡು ಸಲ ಓದಿ ಹೇಳು.