ಉತ್ತಯ್ಯನವರ ಹಾರುವ ತಟ್ಟೆ

೧೦ ಮಾರ್ಚ್ ೧೯೫೪, ಬುಧವಾರ

...ಅದೂ ಅಲ್ಲದೆ ಮಳೆ ಅಳೆಯುವ ಗಾಜು ಒಡೆದದ್ದು ನಾನಲ್ಲ, ಮನೆಗೆಲಸದ ಕೆಂಚಿ. ನಿನ್ನೆ ಇಷ್ಟು ಬರೆಯುವಷ್ಟರಲ್ಲಿ ಕತ್ತಲಾಯಿತು. ಎರಡು ಕಣ್ಣಿಗೂ ಪೊರೆ. ಲಾಟೀನಿನ ಬೆಳಕಿಗೆ ಅಕ್ಷರ ನಿಲ್ಲುವುದಿಲ್ಲ.

ಮಳೆ: ನಿಲ್. ನಿನ್ನೆಯೂ ನಿಲ್. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಬಿಟ್ಟು ಆರು ವರ್ಷ, ಮಳೆ ಅಳೆಯುವುದನ್ನು ಬಿಟ್ಟಿಲ್ಲ. ಅಂಗಳ ಗುಡಿಸುತ್ತ ಕೆಂಚಿಯ ತಮಾಷೆ: “ಬಾರದ ಮಳೆಗೆ ಪೆನ್ಸಿಲ್ ಯಾಕೆ ಸಾಮಿ?” ಅವಳಿಗೇನು ಗೊತ್ತು. ಇಲ್ಲದ್ದನ್ನೂ ಇಲ್ಲ ಎಂದು ಬರೆಯಬೇಕು. ಅದಕ್ಕೆ ಕಾಲೇಜಿನಲ್ಲಿ ಒಂದು ಹೆಸರಿತ್ತು. ನೆಗೆಟಿವ್... ನೆಗೆಟಿವ್ ಏನೋ.

ಉತ್ತಯ್ಯನವರಲ್ಲಿಗೆ ಹೋಗಿಬಂದೆ. ಗದ್ದೆ ದಾಟಿದರೆ ಅವರ ಅಂಗಳ. ಎದೆ ತುಂಬ ಕಫ, ಮಾತಿಗೊಮ್ಮೆ ಕೆಮ್ಮು. ನಾಪೋಕ್ಲಿನ ಡಾಕ್ಟರು ಕೊಟ್ಟ ಕೆಂಪು ಮಿಕ್ಸ್‌ಚರ್ ಕುಡಿಯುತ್ತಾರೆ, ಕುಡಿದು ಡಾಕ್ಟರನ್ನೇ ಬಯ್ಯುತ್ತಾರೆ. ಬಯ್ಯುವಷ್ಟು ದಿನ ಭಯವಿಲ್ಲ ಎನ್ನುತ್ತಾರೆ ಅವರ ಹೆಂಡತಿ ಬೊಳ್ಳವ್ವ.

೧೧ ಮಾರ್ಚ್, ಸಂಜೆ ೫-೪೦

ಕಂಡೆ! ಈಗ ತಾನೇ. ಬಿಸಿಲು ಇನ್ನೂ ಇದೆ, ಆದರೂ ಬೆಳ್ಳಗೆ, ದುಂಡಗೆ, ಹಿಂದೆ ಹಸಿರು ಬಾಲ — ಉತ್ತರದಿಂದ ಬಂದು ಉತ್ತಯ್ಯನವರ ಮನೆಯ ಹಿಂದಿನ ಗುಡ್ಡದಾಚೆ ಹೋಯಿತು. ನಾಲ್ಕು ಸೆಕೆಂಡು. ಐದು? ಸದ್ದಿಲ್ಲ. ಪೇಪರಿನಲ್ಲಿ ಬರುತ್ತದಲ್ಲ, ಫ್ಲೈಯಿಂಗ್ ಸಾಸರ್, ಹಾರುವ ತಟ್ಟೆ — ಅದೇ. ಅಮೆರಿಕದಲ್ಲಿ ಕಂಡವರೂ ಹೀಗೇ ಹೇಳಿ —

ಗುಂಡು. ಎರಡು. ಒಂದರ ಹಿಂದೊಂದು. ಉತ್ತಯ್ಯನವರ ಕಡೆಯಿಂದ.

ಅಯ್ಯೋ ಶಿವನೇ. ಹೋಗಬೇಕು

೧೨ ಮಾರ್ಚ್

ಬದುಕಿದ್ದಾರೆ. ಮೊದಲು ಅದನ್ನು ಬರೆಯಬೇಕು.

ಈ ಕಡೆ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಜೋಡಿ. ಜೋಡಿ ಕೇಳಿದರೆ ಮನೆಗೊಬ್ಬರು ಹೊರಡಲೇಬೇಕು, ಜಗಳವಿದ್ದರೂ. ನಮ್ಮದು ಕೊಡವರ ಮನೆಯಲ್ಲ. ಆದರೂ ನನ್ನ ಹೆಂಡತಿ ಗುರುಸಿದ್ದಮ್ಮ ತೀರಿಕೊಂಡ ಬೆಳಿಗ್ಗೆ ಉತ್ತಯ್ಯನವರು ತಮ್ಮ ಕೋವಿ ತಂದು ನನ್ನ ಅಂಗಳದಲ್ಲಿ ಎರಡು ಹಾರಿಸಿದರು. “ಊರಿಗೆ ಗೊತ್ತಾಗಬೇಡ್ವಾ ರೈಟರೇ, ಎಂಥ ಹೆಂಗಸು ಹೋದದ್ದು ಅಂತ.” ಅಂದು ನನ್ನ ಪರವಾಗಿ ಮಾತಾಡಿದ್ದು ಆ ಕೋವಿ ಒಂದೇ.

ನಿನ್ನೆ ಓಡಿದೆ. ಗದ್ದೆಯ ಬದುಗಳ ಮೇಲೆ ಎಲ್ಲ ಕಡೆಯಿಂದಲೂ ಜನ, ಬಿಳಿ ಬಟ್ಟೆ ಸುತ್ತಿಕೊಂಡು. ತೊರೆಯಾಚೆಯ ದೇರಪ್ಪನ ಹೆಗಲ ಮೇಲೆ ಕೊಡಲಿ — ಚಿತೆಯ ಸೌದೆಗೆ ಮರ ಕಡಿಯಬೇಕಲ್ಲ. ಮೆಟ್ಟಿಲು ಹತ್ತಿದರೆ ಉತ್ತಯ್ಯನವರು ಜಗಲಿಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದಾರೆ!

ನಮ್ಮನ್ನೆಲ್ಲ ನೋಡಿದರು. ಲೋಟ ಕೆಳಗಿಟ್ಟರು.

“ಯಾರು ಹೋದ್ದು?”

ದೇರಪ್ಪ ಮೆಲ್ಲಗೆ ಕೊಡಲಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅಷ್ಟೇ ಸಾಕಾಯಿತು.

“ಓಹೋ. ಮರ ನೋಡೋಕೆ ಬಂದ್ಯಾ? ಹಲಸಿಂದು ಮುಟ್ಟಬೇಡ, ಈ ವರ್ಷ ಚೆನ್ನಾಗಿ ಬಿಟ್ಟದೆ.”

“ಎರಡು ಗುಂಡು ಕೇಳಿತ್ತಲ್ಲ ಮಾರಾಯ್ರೆ, ನಾನೆಂತ ಮಾಡೂದು...” ದೇರಪ್ಪ ಅಳುವ ಹಾಗಿದ್ದ.

ಎಲ್ಲರೂ ನಕ್ಕರು. ಉತ್ತಯ್ಯನವರೂ. ಆಮೇಲೆ ಬೊಳ್ಳವ್ವ ಗೋಡೆಯ ಕೋವಿ ಇಳಿಸಿ ನಳಿಗೆ ಮೂಸಿದರು. ಮದ್ದಿನ ವಾಸನೆ ಇಲ್ಲ. ವಿಚಾರಿಸಿದರೆ ಸುತ್ತಿನ ಯಾವ ಮನೆಯಲ್ಲೂ ಹಾರಿಸಿಲ್ಲ. ನಗು ನಿಂತಿತು.

“ಇದ್ದವರು ಹಾರಿಸಿಲ್ಲ ಅಂದ್ರೆ ಹೋದವರು ಹಾರಿಸಿದ್ದು. ನಮ್ಮ ಹಿರಿಯರು,” ಎಂದರು ಉತ್ತಯ್ಯನವರು, ಬಹಳ ಸಮಾಧಾನವಾಗಿ. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಗಂಜಿ ಅರ್ಧ ಉಳಿಯಿತು.

೧೫ ಮಾರ್ಚ್

ಮಳೆ: ನಿಲ್. ಉತ್ತಯ್ಯನವರ ಊಟ: ನಿಲ್. ನಾಲ್ಕನೆಯ ದಿನ. “ಕರೆ ಬಂದಮೇಲೆ ಉಣ್ಣೋದು ಮರ್ಯಾದೆ ಅಲ್ವಂತೆ. ನೀವೊಂದು ಮಾತು ಹೇಳಿ ರೈಟರಣ್ಣ,” ಎಂದು ಬೊಳ್ಳವ್ವ ಕೆಂಚಿಯ ಕೈಲಿ ಹೇಳಿಕಳಿಸಿದರು.

ಹೋದೆ. ಹಾರುವ ತಟ್ಟೆಯ ಸುದ್ದಿ ಇದ್ದ ಪೇಪರಿನ ತುಂಡನ್ನೂ ಒಯ್ದೆ. ಕಂಡದ್ದು ಕಂಡ ಹಾಗೆ ಹೇಳಿದೆ. ಆಮೇಲೆ ಕೇಳಿದ ಜೋಡಿ ಸದ್ದು ಗುಂಡಿನದಲ್ಲ, ಅದರ ಇಂಜಿನ್ನಿನದು ಅಂದೆ. ನಂಬಿಯೇ ಹೇಳಿದ್ದು — ಇದನ್ನು ಇಲ್ಲಿ ಬರೆದಿಡುತ್ತೇನೆ.

ಗೋಡೆಯ ಕಡೆಯಿಂದಲೇ ಕೇಳಿದರು, “ತಟ್ಟೆ ಅಂದ್ರೆ ಊಟದ್ದಾ?”

“ಸಾಸರ್. ಚಹಾ ಕಪ್ಪಿನ ಕೆಳಗೆ ಇಡೋದು.”

“ಖಾಲಿಯಾ?”

“ಒಳಗೆ ಜನ ಇರ್ತಾರಂತೆ. ಬೇರೆ ಗ್ರಹದೋರು.”

ಈ ಕಡೆ ತಿರುಗಿದರು. “ಅಷ್ಟು ದೂರದಿಂದ ಬಂದು ನಾಪೋಕ್ಲಲ್ಲಿ ಇಳೀಲಿಲ್ವಾ? ನಮ್ಮ ಬಸ್ಸಿನವನ ಹಾಗೇ ಆಯ್ತು, ಕೈ ತೋರ್ಸಿದ್ರೂ ನಿಲ್ಸೋದಿಲ್ಲ.” ನಗುತ್ತ ಕೆಮ್ಮಿದರು, ಕೆಮ್ಮುತ್ತ ನಕ್ಕರು. “ಹೆಂಡ್ತಿ ಇಲ್ಲದೋನಿಗೆ ಏನೇನೋ ಕಾಣ್ತದೆ ಬೊಳ್ಳವ್ವ. ಗಂಜಿ ತಾ.”

ಎರಡು ಲೋಟ ಕುಡಿದರು. ಬೊಳ್ಳವ್ವ ನನ್ನ ಕಾಲು ಮುಟ್ಟಲು ಬಂದರು, ಹಿಂದೆ ಸರಿದೆ.

೨೩ ಮಾರ್ಚ್

ಮೈಸೂರಿನಿಂದ ಕಾಗದ. ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದ ಸಾಂತಪ್ಪ — ಅವನು ಫಿಸಿಕ್ಸ್ ಲೆಕ್ಚರರ್ ಆಗಿ ರಿಟೈರ್ ಆದ, ನಾನು ಇಂಟರ್ ಫೇಲಾಗಿ ರೈಟರ್ ಆದೆ. ಹೆಮ್ಮೆಯಿಂದ ಅವನಿಗೆ ಬರೆದಿದ್ದೆ. ಉತ್ತರ ನಾಲ್ಕೇ ಸಾಲು. ಮೀಟಿಯರ್. ಉಲ್ಕೆ. ದೊಡ್ಡದು, ಹಗಲಲ್ಲೂ ಕಾಣುವಂಥದ್ದು. ಬೆಳಕು ಮೊದಲು, ಸದ್ದು ಒಂದೆರಡು ನಿಮಿಷ ತಡವಾಗಿ. ಕೆಲವು ಸಲ ಜೋಡಿ ಸದ್ದು. ‘ನಿನಗೂ ಇದನ್ನು ಪಾಠ ಮಾಡಿದ್ದರು. ನೀನು ಬಹುಶಃ ನಿದ್ದೆಯಲ್ಲಿದ್ದೆ.’

ಇರಬೇಕು. ಸೀಯಿಂಗ್ ಈಸ್... ಏನೋ ಇದೆ, ಪೂರ್ತಿ ಬರುತ್ತಿಲ್ಲ.

ಉತ್ತಯ್ಯನವರಿಗೆ ಹೇಳಲೇ? ನಕ್ಷತ್ರ ಬಿದ್ದರೆ ಎಲ್ಲೋ ಒಂದು ಜೀವ ಬಿತ್ತು ಎನ್ನುವುದು ಅವರಲ್ಲಿ ಮಾತ್ರವಲ್ಲ, ನಮ್ಮಲ್ಲೂ. ಇದು ಬಿದ್ದದ್ದೋ ಅವರ ಮನೆಯ ನೆತ್ತಿಯ ಮೇಲೆ, ಜೋಡಿ ಗುಂಡಿನ ಸಮೇತ. ಇನ್ನೊಮ್ಮೆ ಗೋಡೆಗೆ ತಿರುಗಿದರೆ ಈ ಕಡೆ ಬರುವವರಲ್ಲ.

ಕಾಗದ ಮಡಿಸಿ ಜೇಬಿಗೆ.

೩೦ ಮಾರ್ಚ್

ಇದನ್ನು ಮಾತ್ರ ಎಣಿಸಿರಲಿಲ್ಲ. ಒಂದು ವಾರದಿಂದ ಉತ್ತಯ್ಯನವರು ಐದು ಗಂಟೆಗೆ ಅಂಗಳಕ್ಕೆ ಕುರ್ಚಿ ಹಾಕಿಸಿ ಕೂರುತ್ತಾರೆ. ತಟ್ಟೆ ನೋಡಲು. ಮಂಜು ಬಿದ್ದು ಶಾಲು ಒದ್ದೆಯಾದರೂ ಏಳುವುದಿಲ್ಲ. ಕಫದಲ್ಲಿ ರಕ್ತ. ಡಾಕ್ಟರು ಬಂದು ನೋಡಿ, ಹೀಗೆ ಹೊರಗೆ ಕೂತರೆ ಹೆಚ್ಚು ದಿನವಿಲ್ಲ ಎಂದರು — ಬೊಳ್ಳವ್ವನಿಗಲ್ಲ, ಗೇಟಿನ ಹತ್ತಿರ ನನಗೆ.

ಬೊಳ್ಳವ್ವನಿಗೆ ಹೇಳದೆಯೂ ಗೊತ್ತು. “ಒಳಗೆ ಬನ್ನಿ ಅನ್ನಿ ರೈಟರಣ್ಣ. ನಿಮ್ಮ ಮಾತಾದ್ರೆ ಕೇಳ್ತಾರೆ. ನೀವು ಹೇಳಿದ್ದಕ್ಕೇ ಅಲ್ವಾ ಕೂತದ್ದು.”

ಬಯ್ದದ್ದಲ್ಲ. ಬಯ್ದಿದ್ದರೆ ವಾಸಿಯಿತ್ತು.

ಹತ್ತಿರ ಹೋಗಿ ಅಂದೆ, “ಅದು ಬರದೇ ಹೋದ್ರೆ?”

“ಬರ್ತದೆ. ಅದನ್ನ ನೋಡೋ ತನಕ ನಾನು ಎಲ್ಲಿಗೂ ಹೋಗೋದಿಲ್ಲ ರೈಟರೇ. ಒಳಗೂ ಇಲ್ಲ, ಮೇಲಕ್ಕೂ ಇಲ್ಲ. ಹಿರಿಯರಿಗೂ ಹೇಳಿಟ್ಟಿದೀನಿ, ನೋಡಿ ಬರ್ತೀನಿ, ಅಲ್ಲಿ ತನಕ ಕಾಯಿರಿ ಅಂತ.”

೧ ಏಪ್ರಿಲ್

ಇವತ್ತು ಹೇಳಿಬಿಡುವುದೇ ಎಂದು ಹೋದೆ. ಹೇಳಲಿಲ್ಲ. ನನ್ನ ಕಂಬಳಿಯನ್ನು ಅವರ ಕಾಲ ಮೇಲೆ ಹಾಕಿ ಬಂದೆ.

೩ ಏಪ್ರಿಲ್, ಶನಿವಾರ. ಉತ್ತಯ್ಯನವರ ಅಂಗಳ

ಮಳೆ ಬರೆಯುವ ಈ ಪುಸ್ತಕವನ್ನು ಇಲ್ಲಿಗೇ ತರಿಸಿದ್ದಾರೆ. “ನೀವು ಮಳೆ ನೋಡಿ ಬರೆಯೋ ಅಬ್ಸರ್ವರ್ ಅಲ್ವಾ? ಬಂದಾಗ ಟೈಮು ಬರೀಬೇಕು. ಆಮೇಲೆ ಇಬ್ರು ಮುದುಕರ ಮಾತು ಅಂತ ದೇರಪ್ಪ ನಗಬಾರದು.”

ಆರು ಗಂಟೆ. ಏನೂ ಇಲ್ಲ. ಆರೂಕಾಲು. ಇಲ್ಲ. ಉಸಿರೆಳೆದಾಗ ಅವರ ಎದೆಯೊಳಗೆ ಬೆಕ್ಕಿನ ಮರಿ ಸಿಕ್ಕಿಕೊಂಡ ಹಾಗೆ ಸದ್ದು. ಏನು ಬರೆಯುತ್ತೀರಿ ಎಂದು ಓರೆಗಣ್ಣಿನಲ್ಲಿ ನೋಡುತ್ತಾರೆ, ಸಣ್ಣಗೆ ಬರೆಯುತ್ತಿದ್ದೇನೆ. ಜಗಲಿಯ ಕಂಬಕ್ಕೊರಗಿ ಬೊಳ್ಳವ್ವ. ನನ್ನನ್ನೇ ನೋಡುತ್ತಿದ್ದಾರೆ, ಆಕಾಶವನ್ನಲ್ಲ.

ಆರೂವರೆ. ಇಲ್ಲ. ಎರಡು ಸಲ ಬಾಯಿ ತೆರೆದೆ. ಒಮ್ಮೆ ಚಳಿ ಎಂದೆ, ಒಮ್ಮೆ ಕಾಫಿ ಹೂವರಳಿಸುವ ಹೂಮಳೆ ತಡವಾಯಿತು ಎಂದೆ.

“ರೈಟರೇ.” ನನ್ನ ತೋಳು ಹಿಡಿದಿದ್ದಾರೆ. “ಅಗೋ!”

ಪಡುವಣ ಗುಡ್ಡದ ಮೇಲೆ, ಬೆಳ್ಳಗೆ, ಒಂದೇ ಒಂದು. ನನ್ನ ಪೊರೆಗಣ್ಣಿಗೂ ಕಾಣುತ್ತಿದೆ. ಶುಕ್ರ. ಇಷ್ಟು ದಿನ ಆ ಮೂಲೆಯಲ್ಲಿ ಮೋಡವಿತ್ತು.

“ಅದೇ ಅಲ್ವಾ? ನೀವು ಕಂಡದ್ದು ಅದೇ ತಾನೆ? ಹೌದು ಅಂದ್ರೆ ಸಾಕು. ಎದ್ದು ಒಳಗೆ ಹೋಗಿ ಮಲಗ್ತೀನಿ.”

ಬೊಳ್ಳವ್ವ ಜಗಲಿಯಿಂದ ತಲೆಯಾಡಿಸುತ್ತಿದ್ದಾರೆ — ಹೌದು ಅನ್ನಿ, ಹೌದು ಅನ್ನಿ. ನೋಡುವ ತನಕ ಮೇಲಕ್ಕೂ ಹೋಗೋದಿಲ್ಲ ಎಂದ ಮೊನ್ನೆಯ ಮಾತು ಅವರಿಗೆ ಕೇಳಿಸಿಲ್ಲ. ಹೌದೆಂದರೆ ನೋಡಿದ ಹಾಗಾಯಿತು, ಹಿರಿಯರ ಹತ್ತಿರ ಕೇಳಿಕೊಂಡ ಗಡುವು ಮುಗಿಯಿತು. ಅಲ್ಲವೆಂದರೆ ಇಲ್ಲೇ, ಈ ಮಂಜಿನಲ್ಲಿ.

“ಟೈಮು ಹಾಕಿ ಮೊದಲು. ಹಾಕಿದ್ರಾ?”

ಆರು ಐವತ್ತು. ಹಾಕಿದೆ. ಅದರ ಮುಂದೆ ಬರೆಯಬೇಕಾದ್ದು... ಕಾಯುತ್ತಿದ್ದಾರೆ, ಕೈ ತೋಳಿನ ಮೇಲೇ ಇದೆ. ಗೆರೆ ಕಾಣುತ್ತಿಲ್ಲ, ಬೆಳಕು ಹೋಗು