ಒಣಗುವ ತನಕ ಮುಟ್ಟಬೇಡಿ

ದೊಡ್ಡಮ್ಮ,

ಸುಖವಾಗಿ ತಲುಪಿದೆ. "ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ" ಅಂತ ಜನ್ಮವಿಡೀ ಗದರಿದೆಯಲ್ಲ, ಇಲ್ಲಿ ಬಂದು ನೋಡು. ವರ್ಷವಿಡೀ ಕಬ್ಬಿಣ ಎತ್ತಿ ಬೆಳೆಸಿದ ಸ್ನಾಯು ನಾಳೆ ಸ್ಪರ್ಧೆಯ ದೀಪಕ್ಕೆ ಎದ್ದು ಕಾಣಬೇಕಂತೆ; ಅದಕ್ಕೆ ಬಾಗಿಲಿಗೆ ವಾರ್ನಿಷ್ ಹೊಡೆದಂತೆ ನಮ್ಮ ಮೈಗೆಲ್ಲ ಕಂದು ಬಣ್ಣ ಹೊಡೆದಿದ್ದಾರೆ. ಎರಡು ಕೋಟ್ ಆದಮೇಲೂ ಬಣ್ಣ ಹೊಡೆಯುವವಳು, "ಅಯ್ಯೋ, ಇನ್ನೂ ಬೆಳ್ಳಗೇ ಇದ್ದೀರಲ್ಲ!" ಅಂತ ಮರುಗಿದಳು. ಒಣಗುವ ತನಕ ಹೋಟೆಲಿನವನು ಕೂರಗೊಡುತ್ತಿಲ್ಲ. ಸ್ಪರ್ಧಿಗಳೆಲ್ಲ ಕಾರಿಡಾರಿನಲ್ಲಿ ಬೆದರುಬೊಂಬೆಗಳಂತೆ ನಿಂತಿದ್ದೇವೆ. ಈ ಕಾರ್ಡಿನ ಮೇಲಿನ ಕಂದು ಹೆಬ್ಬೆಟ್ಟು ನನ್ನದೇ.

ಆರೋಗ್ಯಕ್ಕೇನೂ ತೊಂದರೆಯಿಲ್ಲ, ಉಪ್ಪಿಲ್ಲದ ಕೋಳಿ ತಿಂದು ತಿಂದು ನಾಲಿಗೆ ಮಾತ್ರ ಸತ್ತಿದೆ. ನಾಳೆ ಗೆದ್ದರೂ ಸೋತರೂ ಅಳುವ ಹಾಗಿಲ್ಲ, ಕೆನ್ನೆಯ ಬಣ್ಣ ಕರಗುತ್ತದೆ. ನನ್ನ ಪಾಲಿನದನ್ನೂ ನೀನೇ ಅತ್ತುಬಿಡು.

ನಿನ್ನ ಕರಿಮುದ್ದು