ನಾಲ್ಕನೇ ನಂಬರಿನ ಸ್ಟೌ

೧೬ ಅಕ್ಟೋಬರ್ ೧೯೭೪, ಬುಧವಾರ

ಇವತ್ತು ಕಾರ್ಖಾನೆಯಲ್ಲಿ ನೂರಾ ಹತ್ತು ಸ್ಟೌ ಟ್ಯಾಂಕ್ ಪರೀಕ್ಷೆ. ಗಾಳಿ ತುಂಬು, ನೀರಿನ ತೊಟ್ಟಿಯಲ್ಲಿ ಅದ್ದು. ಗುಳ್ಳೆ ಎದ್ದರೆ ಸೋರುತ್ತದೆ, ಆಚೆಗಿಡು; ಏಳದಿದ್ದರೆ ತಳಕ್ಕೆ ನನ್ನ ನಂಬರ್ ಒತ್ತು — ನಾಲ್ಕು. ಬೆರಳ ತುದಿಯೆಲ್ಲ ಸುಕ್ಕು. ಮನೆಯೊಡತಿ ಪುಟ್ಟಲಕ್ಷ್ಮಮ್ಮ ಹಬ್ಬಕ್ಕೆ ಹೊಸ ಸ್ಟೌ ಕೊಳ್ಳುತ್ತಾರಂತೆ. "ತಳ ನೋಡಿ. ನಾಲ್ಕು ಅಂತಿದ್ರೆ ಕಣ್ಣು ಮುಚ್ಕೊಂಡು ತನ್ನಿ" ಎಂದೆ. ಕೆಂಗೇರಿಯ ಅಂಬುಜಕ್ಕನಿಗೂ ಹಾಗೇ ಕಾರ್ಡ್ ಬರೆದೆ. ಜಂಬ ಸ್ವಲ್ಪ ಜಾಸ್ತಿಯಾಯಿತೇನೋ. ಇರಲಿ.

೨೪ ಅಕ್ಟೋಬರ್, ಗುರುವಾರ

ಮಾಲೀಕ ಏಕಾಂತಯ್ಯನವರು ತಾವೇ ತೊಟ್ಟಿಯ ಹತ್ತಿರ ಬಂದರು. ಹಬ್ಬದ ಆರ್ಡರ್, ಸಂಜೆಗೆ ಲಾರಿ ಹೊರಡಬೇಕು. "ಹತ್ತಕ್ಕೆ ಒಂದು ಅದ್ದಿದ್ರೆ ಸಾಕು ಜಲಜಮ್ಮ."

"ಸಾರ್, ಐ.ಎಸ್.ಐ. ಗುರುತು ಹಾಕ್ತೀವಲ್ಲ... ಪ್ರತಿಯೊಂದೂ ಟೆಸ್ಟ್ ಆಗ್ಬೇಕು. ಕಾನೂನು."

"ಕಾನೂನು ನನ್ನ ತಲೆನೋವು. ನೀವು ನಂಬರ್ ಒತ್ತಿ."

ಒತ್ತಿದೆ. ಇನ್ನೂರು. ಅದ್ದಿದ್ದು ಇಪ್ಪತ್ತು ಮಾತ್ರ, ಅದರಲ್ಲೇ ಮೂರಕ್ಕೆ ಗುಳ್ಳೆ. ಛೀ, ಈ ಕೈ!

೨ ನವೆಂಬರ್, ಶನಿವಾರ

ಒಂಬತ್ತು ದಿನ ಬರೆಯಲು ಮನಸ್ಸೇ ಬರಲಿಲ್ಲ. ಯಾರ ಮನೆಗೆ ಹೋದರೂ ಕಣ್ಣು ಸ್ಟೌ ಕಡೆಗೇ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಇವತ್ತು ಪುಟ್ಟಲಕ್ಷ್ಮಮ್ಮನ ಹೊಸ ಸ್ಟೌ ಬಂತು. ತಿರುಗಿಸಿ ನೋಡಿದೆ. ನಾಲ್ಕು. ಬೇಡವೆಂದರೂ ಕೇಳದೆ ಗಾಳಿ ತುಂಬಿ ಬಕೆಟ್ಟಿನಲ್ಲಿ ಮುಳುಗಿಸಿದೆ. ಬೆಸುಗೆಯ ಉದ್ದಕ್ಕೂ ಸಣ್ಣ ಸಣ್ಣ ಗುಳ್ಳೆ. ಹಚ್ಚಿದ್ದರೆ ಸಿಡಿಯುತ್ತಿತ್ತು.

"ಅಯ್ಯೋ, ನಿನ್ ನಂಬರ್ ನೋಡೇ ತಂದೆ ಕಣೇ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

೪ ನವೆಂಬರ್, ಸೋಮವಾರ

ಏಕಾಂತಯ್ಯನವರಿಗೆ ಹೇಳಿದೆ. ಇನ್ನೂರನ್ನೂ ವಾಪಸ್ ತರಿಸಿ ಎಂದೆ. ನಕ್ಕರು. "ತಳದಲ್ಲಿರೋ ನಂಬರ್ ಯಾರ್ದು? ಏನಾದ್ರೂ ಆದ್ರೆ ಮೊದಲು ಕೇಳೋದು ನಿಮ್ಮನ್ನೇ. ಯೋಚ್ನೆ ಮಾಡಿ."

ಯೋಚನೆಯನ್ನೇ ಮಾಡುತ್ತಿದ್ದೇನೆ. ಊಟ ಸೇರಲಿಲ್ಲ.

೯ ನವೆಂಬರ್, ಶನಿವಾರ

ಡಿಸ್‌ಪ್ಯಾಚ್ ಗುಮಾಸ್ತ ಚನ್ನಕೇಶವ ಏಳು ಅಂಗಡಿಗಳ ವಿಳಾಸ ಕೊಟ್ಟ. "ನನ್ ಹೆಸ್ರು ಮಾತ್ರ ಹೇಳ್ಬೇಡಿ ಮೇಡಂ." ಏಳಕ್ಕೂ ಬರೆದೆ — ನಾಲ್ಕನೇ ನಂಬರಿನ ಸ್ಟೌ ಮಾರಬೇಡಿ, ಮಾರಿದ್ದನ್ನು ವಾಪಸ್ ತರಿಸಿಕೊಳ್ಳಿ, ಪರೀಕ್ಷೆ ಮಾಡದೆ ನಂಬರ್ ಒತ್ತಿದವಳು ನಾನೇ. ಕೆಳಗೆ ಪೂರ್ತಿ ಹೆಸರು. ಐ.ಎಸ್.ಐ. ಕಚೇರಿಗೂ ಒಂದು. ಎಲ್ಲವನ್ನೂ ಡಬ್ಬಿಗೆ ಹಾಕಿ ಬಂದೆ. ಕೆಲಸ ಹೋದರೆ ಹೋಗಲಿ. ಇವತ್ತು ಎರಡು ತುತ್ತು ಉಂಡೆ.

೧೩ ನವೆಂಬರ್, ಬುಧವಾರ, ದೀಪಾವಳಿ. ಬೆಳಗ್ಗೆ ೫.೨೦

ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ಪುಟ್ಟಲಕ್ಷ್ಮಮ್ಮ ಒಂದು ಕಾರ್ಡ್ ತಂದುಕೊಟ್ಟರು. "ಮೊನ್ನೆನೇ ಬಂದಿತ್ತು ಕಣೇ, ಮರ್ತೇಬಿಟ್ಟೆ." ಅಕ್ಕನ ಅಕ್ಷರ. "ವಿಜಯನಗರಕ್ಕೆ ಬಂದಾಗ ನಿನ್ನ ನಂಬರ್ ಹುಡುಕಿಯೇ ಸ್ಟೌ ತಂದೆ. ಇನ್ನೂ ಹಚ್ಚಿಲ್ಲ. ಹಬ್ಬದ ದಿನ ಎದ್ದ ಕೂಡಲೇ ಹೋಳಿಗೆಗೆ ಬೇಳೆ ಇಡುವುದು ಅದರಲ್ಲೇ."

ಏಳು ಅಂಗಡಿಗೆ ಬರೆದೆ. ಅಕ್ಕನಿಗೆ ಬರೆಯಲಿಲ್ಲ. ನಾನೇ ಹೇಳಿದ್ದು, ನಾನೇ ಮರೆತೆ.

ಕೆಂಗೇರಿಗೆ ಮೊದಲ ಬಸ್ಸು ಆರಕ್ಕೆ. ಅಕ್ಕ ಏಳುವುದು ಐದಕ್ಕೆ. ಪುಟ್ಟಲಕ್ಷ್ಮಮ್ಮನ ಯಜಮಾನರು ಆಟೋ ತರಲು ಓಡಿದ್ದಾರೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಇವತ್ತೊಂದು ದಿನ ತಡವಾಗಿ ಏಳು ಅಕ್ಕ... ಸೀಮೆಎಣ್ಣೆ ಮುಗಿದಿರಲಿ, ಬೆಂಕಿಪೊಟ್ಟಣ ಸಿಗದಿರಲಿ...

ಆಟೋ ಬಂತು. ಎಣ್ಣೆತಲೆಯಲ್ಲೇ ಹೊರಟೆ.